ಬಿಳಿ ಹಾಲಿಗೆ ರಾಜಿ

ಹೋಲ್‌ಬೀಬಿಗೆ ಬುದ್ಧಿ ಕೆಟ್ಟಿತ್ತು ಎಂದು ನಮ್ಮ ಕೋಕ್‌ಬುಲಾಕಿನ ಅರ್ಧ ಊರು ಹೇಳುತ್ತದೆ. ಅವಳ ಮೈಮೇಲೆ ಸತ್ತವರು ಬರುತ್ತಿದ್ದರು ಎಂದು ಇನ್ನರ್ಧ ಊರು. ಹೇಳುವವರಿಗೇನು, ನಾಲಿಗೆಗೆ ಮೂಳೆ ಇಲ್ಲ. ಆ ಹೆಂಗಸಿನ ಜೊತೆ ಒಂದೇ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಹೊಗೆ ಕುಡಿದವಳು ನಾನು, ಶರಾಫತ್, ಊರಿನ ಒಡೆಯನಾದ ಬೇಗನ ಕೋಟೆಮನೆಯಲ್ಲಿ ತಂದೂರಿಗೆ ನಾನ್ ರೊಟ್ಟಿ ಬಡಿಯುತ್ತಿದ್ದವಳು. ಅವಳ ಕತೆ ಹೇಳುವುದಾದರೆ ನಾನು ಹೇಳಬೇಕು. ಬೇರೆಯವರು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು.

ಅವಳು ಆ ಮನೆಗೆ ಬಂದಾಗ ಇನ್ನೂ ಹುಡುಗಿ. ಗಂಡ ಬೇಗನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಅದೇ ಕುದುರೆ ಎದೆಗೆ ಒದ್ದು ಸತ್ತ. ಕಂಕುಳಲ್ಲಿ ಹಸುಗೂಸು, ಹೆಸರು ನೋರ್‌ಬಾಯ್, ಕೆನ್ನೆಯ ಮೇಲೆ ಹುಟ್ಟುಮಚ್ಚೆ. ಗಂಡ ಸತ್ತ ನಲವತ್ತು ದಿನದ ಸೂತಕ ಮುಗಿಯುವ ಮೊದಲೇ ಮುದಿ ಬೇಗನ ಎರಡನೆಯ ಹೆಂಡತಿ ಗಂಡು ಹೆತ್ತು ಕಣ್ಣು ಮುಚ್ಚಿದಳು. ಕೂಸಿಗೆ ಎರ್ಗಶ್ ಎಂದು ಹೆಸರಿಟ್ಟರು. ಹಿಂದೆ ಬಂದವನು ಎಂದು ಅರ್ಥ. ಮೊದಲ ಹೆಂಡತಿಯ ಮಗ ತಾಶ್‌ಮುರಾದ್ ಆಗಲೇ ಕುದುರೆ ಏರುವಷ್ಟು ದೊಡ್ಡವನಾಗಿದ್ದ. ಊರಲ್ಲಿ ಎದೆಹಾಲಿರುವ ಹೆಂಗಸು ಯಾರು ಎಂದು ಹುಡುಕಿದಾಗ ಹೋಲ್‌ಬೀಬಿ ಸಿಕ್ಕಳು.

ಮುದಿ ಬೇಗ್ ಅಡುಗೆಮನೆಯ ಬಾಗಿಲಿಗೆ ತಾನೇ ಬಂದು ಕಟ್ಟಳೆ ಹಾಕಿದ. "ಮೊದ್ಲು ನನ್ನ ಮಗ. ಅವನ ಹೊಟ್ಟೆ ತುಂಬಿದ ಮೇಲೆ ಉಳಿದಿದ್ದು ನಿನ್ನ ಮಗನಿಗೆ. ತಿಳೀತೇನಮ್ಮ?" ಹೋಲ್‌ಬೀಬಿ ತಲೆ ಆಡಿಸಿದಳು. ಆಡಿಸದೆ ಏನು ಮಾಡಿಯಾಳು? ಬಲಮೊಲೆ ಎರ್ಗಶ್‌ಗೆ, ಎಡಮೊಲೆ ನೋರ್‌ಬಾಯ್‌ಗೆ ಎಂದು ಅವಳೇ ಪಾಲು ಮಾಡಿಕೊಂಡಳು. ಬೇಗನ ಮಗ ಬಲಗಡೆ ಮುಗಿಸಿ ಎಡಕ್ಕೂ ಕೈಹಾಕಿದರೆ ಕೊಡಲೇಬೇಕು. ಅಷ್ಟು ಹೊತ್ತೂ ನೋರ್‌ಬಾಯ್ ನನ್ನ ತಂದೂರಿನ ಪಕ್ಕ ನಾನ್ ತುಂಬುವ ಬುಟ್ಟಿಯಲ್ಲಿ ಬಿದ್ದುಕೊಂಡು ಕಿರುಚುತ್ತಿದ್ದ. ನಾನು ನಾನ್ ಅಗಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಅವನ ಬಾಯಿಗಿಡುತ್ತಿದ್ದೆ. ಅದನ್ನು ಚೀಪುತ್ತಾ ಚೀಪುತ್ತಾ, ತಾಯಿಯ ಮಡಿಲಲ್ಲಿದ್ದ ಇನ್ನೊಂದು ಕೂಸನ್ನೇ ನೋಡುತ್ತಿದ್ದ. ಕೂಸಿಗೆ ಏನು ಗೊತ್ತಾಗುತ್ತದೆ ಎಂದು ನಾವು ಅಂದುಕೊಂಡಿದ್ದೆವು.

ಇಬ್ಬರೂ ಅವಳನ್ನು 'ಎನಾ' ಎಂದೇ ಕರೆದರು. ನಮ್ಮಲ್ಲಿ ಹಾಲು ಕೊಟ್ಟವಳೂ ತಾಯಿಯೇ. ಒಂದೇ ಎದೆಯ ಹಾಲು ಕುಡಿದವರು ಅಣ್ಣತಮ್ಮಂದಿರು, ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ. ಇಬ್ಬರೂ ಒಂದೇ ಗೋಡೆ ಹಾರಿದರು, ಒಂದೇ ಹಿಪ್ಪುನೇರಳೆ ಮರದಿಂದ ಬಿದ್ದರು, ನನ್ನ ಹತ್ತಿರ ಒಂದೇ ಸೌಟಿನ ಏಟು ತಿಂದರು. ಎರ್ಗಶ್ ಏನು ಸಿಕ್ಕಿದರೂ ಅರ್ಧ ಮಾಡಿ ನೋರ್‌ಬಾಯ್‌ಗೆ ಕೊಡುತ್ತಿದ್ದ. ಊರೆಲ್ಲ ಅದನ್ನು ಹೊಗಳುತ್ತಿತ್ತು. ನಾನು ಮಾತ್ರ ಹೊಗಳಲಿಲ್ಲ. ಯಾವಾಗಲೂ ಕೊಡುವವನು ಅವನೇ, ಕೈಚಾಚುವವನು ಇವನೇ. ಹಾಗೆ ಬೆಳೆದವನಿಗೆ ಕೊಡುವ ಕೈಯ ಮೇಲೆ ಪ್ರೀತಿ ಇರುತ್ತದೆ, ಸಿಟ್ಟೂ ಇರುತ್ತದೆ.

ಮುದಿ ಬೇಗ್ ಸತ್ತ. ಯುದ್ಧ ಅದಕ್ಕೂ ಮೊದಲೇ ಶುರುವಾಗಿತ್ತು, ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು. ತಾಶ್‌ಮುರಾದ್ ಕಮಾಂಡರ್ ಆದ, ಅಪ್ಪನ ಗಾದಿಯ ಮೇಲೆ ಕೂತು ತಾನೇ ಬೇಗ್ ಆದ. ನೋರ್‌ಬಾಯ್ ಅವನ ಬಾಗಿಲು ಕಾಯುವವನಾದ. ಎರ್ಗಶ್ ಹುಡುಗರನ್ನು ಕಟ್ಟಿಕೊಂಡು ಸರಿಕ್ ಕಣಿವೆಯ ಬಾಯಲ್ಲಿ ಕೂತ. ಆ ಕಣಿವೆ ದಾಟದೆ ದಕ್ಷಿಣದ ಪಡೆ ನಮ್ಮ ಊರಿಗೆ ಬರುವಂತಿಲ್ಲ. ಎರ್ಗಶ್ ಅಲ್ಲಿರುವ ತನಕ ನಾವು ನೆಮ್ಮದಿಯಾಗಿ ಹಿಟ್ಟು ಕಲೆಸುತ್ತಿದ್ದೆವು.

ದೊಡ್ಡವರ ಗುಟ್ಟು ಮೊದಲು ತಿಳಿಯುವುದು ಅಡುಗೆಮನೆಗೆ. ಒಂದು ದಿನ ಅತಿಥಿಗಳಿದ್ದಾರೆ, ದುಂಡು ನಾನ್ ಬೇಡ, ಉದ್ದದ್ದು ಬಡಿ ಎಂದು ಗಂಡಸರು ಕೂರುವ ಹೊರಮನೆಯಿಂದ ಹೇಳಿಕಳಿಸಿದರು. ನಮ್ಮ ಕಡೆ ನಾನ್ ಎಂದರೆ ದುಂಡಗೆ. ಉದ್ದ ನಾನ್ ತಿನ್ನುವವರು ದಕ್ಷಿಣದವರು, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಹೋಲ್‌ಬೀಬಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. "ದೊಡ್ಡವನು ಕಣಿವೆ ಮಾರ್ತಿದಾನೆ ಕಣೇ," ಎಂದೆ. "ಸುಮ್ನಿರೇ, ಗೋಡೆಗೂ ಕಿವಿ ಇದೆ," ಎಂದಳು.

ಸುದ್ದಿ ಕಣಿವೆಗೂ ಮುಟ್ಟಿತು. ಎರ್ಗಶ್ ಮನೆಗೆ ಬರುವುದನ್ನು ನಿಲ್ಲಿಸಿದ. ಅಣ್ಣ ಹಬ್ಬಕ್ಕೆ ಕರೆದ, ಬರಲಿಲ್ಲ. ಹುಷಾರಿಲ್ಲ ಎಂದು ಹೇಳಿಕಳಿಸಿದ, ಆಗಲೂ ಬರಲಿಲ್ಲ. "ಅಣ್ಣನಿಗೆ ನನ್ನನ್ನ ನೋಡ್ಬೇಕು ಅನ್ಸಿದ್ರೆ ಕಣಿವೆಗೇ ಬರ್ಲಿ, ಇಲ್ಲಿ ಗಾಳಿ ಚೆನ್ನಾಗಿದೆ," ಎಂದು ನಗುತ್ತಾ ಉತ್ತರ ಕೊಟ್ಟನಂತೆ. ಅವನು ಹಾಗೆಯೇ, ಯಾವ ಮಾತಿಗೂ ಮೊದಲು ನಗುತ್ತಿದ್ದ.

ಆಮೇಲೊಂದು ದಿನ ದೊಡ್ಡ ಕೊಪ್ಪರಿಗೆಯಲ್ಲಿ ಪಲಾವ್ ಮಾಡಿ ಎಂದು ಅಪ್ಪಣೆ ಬಂತು. ಯಾರು ಬರುತ್ತಾರೆ ಎಂದು ಯಾರೂ ಹೇಳಲಿಲ್ಲ. ಹೋಲ್‌ಬೀಬಿ ಅಂಗಳದಲ್ಲಿ ಕಾಲು ಚಾಚಿ ಕೂತು ಗಜ್ಜರಿ ಹೆಚ್ಚುತ್ತಿದ್ದಳು. ಮಧ್ಯಾಹ್ನದ ಬಿಸಿಲು. ಕುದುರೆಯ ಸದ್ದಾಯಿತು, ಬಾಗಿಲಲ್ಲಿ ಯಾರೋ ಬಂದೂಕು ಬಿಸಾಡಿದ ಸದ್ದಾಯಿತು. ಎರ್ಗಶ್ ಓಡಿಬಂದ. ಮೈಯೆಲ್ಲ ಧೂಳು, ಕೈಯಲ್ಲಿ ಬಟ್ಟೆ ಕಟ್ಟಿದ ಜೇನಿನ ಮಡಕೆ. ಹೋಲ್‌ಬೀಬಿಯನ್ನು ನೋಡಿ ಅಲ್ಲೇ ನಿಂತ.

"ಎನಾ!"

"ಅಯ್ಯೋ ನನ್ನ ಕಂದಾ! ಯಾವಾಗ ಬಂದ್ಯೋ? ಏನೋ ಇದು, ಮುಖ ಸುಣ್ಣದ ಗೋಡೆ ಆಗೋಗಿದೆ?"

"ನೀನು... ನೀನು ಸಾಯ್ತಿದೀಯ ಅಂದ್ರು. ಬಾ, ರಾಜಿ ತಗೋ, ಇವತ್ತೋ ನಾಳೆಯೋ ಅಂದ್ರು."

"ಯಾವ ಮುಂಡೇಮಗ ಹೇಳಿದ್ದು? ನಾನು ಸಾಯೋದಾ? ಬೆಳಗ್ಗೆಯಿಂದ ಎರಡು ಬುಟ್ಟಿ ಗಜ್ಜರಿ ಹೆಚ್ಚಿದೀನಿ. ಇವಳನ್ನ ಕೇಳು."

"ಸಾಯೋ ಲಕ್ಷಣ ಏನೂ ಕಾಣಿಸ್ತಿಲ್ಲಪ್ಪ. ಬೆಳಗ್ಗೆ ನನ್ನ ಪಾಲಿನ ಕೆನೇನೂ ಇವಳೇ ನುಂಗಿದಾಳೆ," ಎಂದೆ ನಾನು.

ರಾಜಿ ಎಂದರೆ ಏನೆಂದು ನಮ್ಮ ಕಡೆ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಮಗ ದೂರ ಹೊರಟಾಗ, ಇಲ್ಲವೇ ತಾನು ಸಾಯುವಾಗ, ತಾಯಿ ಒಂದು ಮಾತು ಹೇಳಬೇಕು. "ನನ್ನ ಬಿಳಿ ಹಾಲಿಗೆ ನಾನು ರಾಜಿ." ನಿನಗೆ ಕೊಟ್ಟದ್ದು ಕೊಟ್ಟೆ, ನನಗೇನೂ ಬಾಕಿಯಿಲ್ಲ ಎಂದು. ಆ ಮಾತು ಸಿಗದವನಿಗೆ ಹಾಲಿನ ಋಣ ಗೋರಿಯ ತನಕ ಬೆನ್ನು ಹತ್ತುತ್ತದೆ. ಕುಡಿದ ಹಾಲೇ ಅಲ್ಲಿ ವಿಷವಾಗುತ್ತದೆ ಎನ್ನುತ್ತಾರೆ ಮುದುಕಿಯರು. ಅದಕ್ಕೇ ಎಂಥ ಗಂಡುಗಲಿಯಾದರೂ ತಾಯಿ ಸಾಯುತ್ತಿದ್ದಾಳೆ ಎಂದರೆ ಓಡಿ ಬರುತ್ತಾನೆ, ಬಂದೂಕನ್ನು ಹೊಸ್ತಿಲಾಚೆ ಇಟ್ಟು ಬರುತ್ತಾನೆ.

ಎರ್ಗಶ್ ನಗತೊಡಗಿದ. ಮಡಕೆ ಕೆಳಗಿಟ್ಟು, ಅವಳ ಮಡಿಲಲ್ಲಿದ್ದ ಗಜ್ಜರಿಯ ಮೇಲೇ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು. ದಾರಿಯುದ್ದಕ್ಕೂ ಹೆದರಿದ್ದನಲ್ಲ, ಆ ಹೆದರಿಕೆಯೆಲ್ಲ ನಗುವಾಗಿ ಬರುತ್ತಿತ್ತು.

"ಕುದುರೆ ಸಾಯೋ ಹಾಗೆ ಓಡಿಸ್ಕೊಂಡು ಬಂದಿದೀನಿ ಎನಾ. ಬಂದಿದ್ದಕ್ಕೆ ಆ ಮಾತು ಈಗ್ಲೇ ಹೇಳಿಬಿಡು."

"ಹೋಗೋ, ಅಪಶಕುನ! ಸಾಯೋವಾಗ ಹೇಳ್ತೀನಿ. ಈಗ್ಲೇ ಹೇಳಿಬಿಟ್ರೆ ಆಮೇಲೆ ಈ ಮುದುಕಿ ಕಡೆ ತಿರುಗಿ ನೋಡ್ತೀಯಾ ನೀನು?"

"ಒಂದ್ಸಲ ಹೇಳೇ."

"ಹೇಳಲ್ಲ. ಅಷ್ಟು ಬೇಕಿದ್ರೆ ಒಂದು ಸೊಸೆ ತಗೊಂಡ್ಬಾ, ಆಗ ನೋಡೋಣ," ಎಂದು ಅವನ ಕಿವಿ ಹಿಂಡಿದಳು.

ಅವನು ಇನ್ನೂ ನಗುತ್ತಿದ್ದ. ಆ ನಗು ಅರ್ಧದಲ್ಲಿ ನಿಂತಿತು. ಅವನಿಗೆ ಆಗ ಹೊಳೆಯಿತು, ನಮಗೂ ಆಗಲೇ ಹೊಳೆಯಿತು. "ಎನಾ," ಎಂದ, "ನನಗೆ ಹೇಳಿದ್ದು ನೋರ್‌ಬಾಯ್." ಹೋಲ್‌ಬೀಬಿ ಬಾಗಿಲ ಕಡೆ ನೋಡಿದಳು. ಅವಳ ಮಗ ಎರ್ಗಶ್‌ನ ಕುದುರೆಯ ಲಗಾಮು ಹಿಡಿದು, ನೆಲ ನೋಡುತ್ತಾ ನಿಂತಿದ್ದ. ಅವನ ಹಿಂದೆ ಯಾರೋ ಬಾಗಿಲಿನ ಅಗಳಿ ಹಾಕುತ್ತಿದ್ದರು.

ತಾಶ್‌ಮುರಾದ್ ಹೊರಮನೆಯ ಜಗಲಿಗೆ ಬಂದ. "ಬಾ ತಮ್ಮಾ. ಬೈಬೇಡ. ನಿನ್ನನ್ನ ಕರೆಸೋಕೆ ಬೇರೆ ದಾರೀನೇ ಬಿಡ್ಲಿಲ್ಲ ನೀನು. ಪಲಾವ್ ಆಗ್ತಿದೆ, ಕೂತು ಮಾತಾಡೋಣ." ಎಷ್ಟು ಅಕ್ಕರೆಯಿಂದ ಹೇಳಿದ ಎಂದರೆ, ಕೇಳಿದವರು ನಂಬಬೇಕು. ಹಾಳಾದವನು.

ಎರ್ಗಶ್ ಎದ್ದ. ತೋಳಿಗಂಟಿದ್ದ ಗಜ್ಜರಿಯ ಸಿಪ್ಪೆ ಒರೆಸಿಕೊಂಡ. ಸುತ್ತ ಬಂದೂಕುಗಳು, ಅವನ ಬಂದೂಕು ಹೊಸ್ತಿಲಾಚೆ. "ಹೋಗ್ಬರ್ತೀನಿ ಎನಾ," ಎಂದ. ಹೋಗ್ತೀನಿ ಎನ್ನಲಿಲ್ಲ, ಹೋಗಿ ಬರ್ತೀನಿ ಎಂದ. ಅವಳು ಎದ್ದು ಹಿಂದೆಯೇ ಓಡಿದಳು, ಕೈಯಲ್ಲಿ ಗಜ್ಜರಿ ಹೆಚ್ಚುವ ಚಾಕು. ಹೊರಮನೆಯ ಬಾಗಿಲಲ್ಲಿ ತಡೆದರು, ಗಂಡಸರ ಕೋಣೆ ಎಂದು. ತಡೆದವರಲ್ಲಿ ಅವಳ ಮಗನೂ ಇದ್ದ.

ಒಂದೇ ಗುಂಡಿನ ಸದ್ದು. ಕೊಪ್ಪರಿಗೆಯಲ್ಲಿ ಅಕ್ಕಿ ಆಗಲೇ ಬಿದ್ದಿತ್ತು. ಆ ಪಲಾವನ್ನು ಯಾರೂ ಚೆಲ್ಲಲಿಲ್ಲ. ಎಲ್ಲರೂ ತಿಂದರು. ಬಡಿಸಿದವಳು ನಾನು. ಬಡಿಸದಿದ್ದರೆ ಏನಾಗುತ್ತಿತ್ತು ಎಂದು ಕೇಳುವವರು ಅವತ್ತು ಆ ಅಂಗಳದಲ್ಲಿ ಇರಬೇಕಿತ್ತು.

ಸಂಜೆ ಹೆಣ ಅಂಗಳಕ್ಕೆ ತಂದರು. ಹೋಲ್‌ಬೀಬಿ ಅವನ ಕಿವಿಗೆ ಬಾಯಿಟ್ಟು ರಾಜಿ, ರಾಜಿ, ರಾಜಿ ಎಂದಳು. ಮುಲ್ಲಾ ಅವಳ ಹೆಗಲು ಮುಟ್ಟಿ, "ಬೇಡ ತಾಯಿ, ಅದು ಜೀವಂತ ಕಿವಿಗೆ ಬೀಳ್ಬೇಕಾದ ಮಾತು," ಎಂದ. ಒಳ್ಳೆಯವನೇ ಅವನು, ಆದರೂ ಆ ಹೊತ್ತಿಗೆ ಆ ಮಾತು ಆಡಬಾರದಿತ್ತು.

ಮರುದಿನ ನೋರ್‌ಬಾಯ್ ಅಡುಗೆಮನೆಗೆ ಬಂದು ತಾಯಿಯ ಎದುರು ಮಂಡಿಯೂರಿದ.

"ನನಗೆ ಗೊತ್ತಿರ್ಲಿಲ್ಲ ಎನಾ. ದೇವರಾಣೆ. ಅಣ್ಣತಮ್ಮ ಮುನಿಸ್ಕೊಂಡಿದೀವಿ, ಒಂದ್ಸಲ ಎದುರುಬದುರು ಕೂರ್ಸು, ರಾಜಿ ಆಗ್ತೀವಿ ಅಂದ್ರು ಬೇಗ್."

"ಆ ಮಾತು ನಿನ್ನ ಬಾಯಲ್ಲಿ ಬರ್ಬಾರ್ದು," ಎಂದಳು ಅವಳು.

"ಯಾವ ಮಾತು?"

"ರಾಜಿ."

ಅವನು ಅಳುತ್ತಾ ಕೂತ. ನನಗೆ ತಡೆಯಲಾಗಲಿಲ್ಲ. "ಗೊತ್ತಿರ್ಲಿಲ್ವಾ? ಹಾಗಾದ್ರೆ ಹೊರಗೆ ಕಟ್ಟಿದೀಯಲ್ಲ, ಎರ್ಗಶ್ ಕುದುರೆ, ಅದ್ಯಾಕೆ ನಿನ್ನ ಹತ್ರ?" ಎಂದೆ. "ಕೊಟ್ರು, ತಗೊಂಡೆ. ಬೇಡ ಅನ್ನೋಕಾಗತ್ತಾ ಖಾಲಾ?" ಎಂದ. ಅದೂ ನಿಜವೇ. ಆ ಮನೆಯಲ್ಲಿ ಬೇಡ ಎಂದವರ ಗತಿ ಏನೆಂದು ಹಿಂದಿನ ದಿನವಷ್ಟೇ ನೋಡಿದ್ದೆವು. ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಹೋಲ್‌ಬೀಬಿಗೂ ತಿಳಿಯಲಿಲ್ಲ. ತಿಳಿದಿದ್ದರೆ ಒಂದೋ ಶಪಿಸುತ್ತಿದ್ದಳು, ಒಂದೋ ಕ್ಷಮಿಸುತ್ತಿದ್ದಳು.

ಆ ವಾರವೇ ಒಗೆಯಲು ಅವಳ ಅಂಗಿ ಎತ್ತಿಕೊಂಡಾಗ ನೋಡಿದೆ. ಎದೆಯ ಬಲಭಾಗ ಒದ್ದೆಯಾಗಿ, ಒಣಗಿ, ಗಂಜಿ ಹಾಕಿದ ಹಾಗೆ ಬಿಗಿದುಕೊಂಡಿತ್ತು. ಮುಟ್ಟು ನಿಂತು ಎಷ್ಟೋ ಕಾಲವಾದ ಹೆಂಗಸು ಅವಳು. "ಏನೇ ಇದು? ಪಾತ್ರೆ ತೊಳೆಯೋ ನೀರು ಚೆಲ್ಕೊಂಡ್ಯಾ?" ಎಂದು ಬೈದೆ. ಅವಳು ಅಂಗಿ ಕಿತ್ತುಕೊಂಡಳು. "ಅವನು ಕುಡಿಯೋಕೆ ಬರ್ತಾನೆ," ಎಂದಳು, ತೀರಾ ಸಾಧಾರಣವಾಗಿ, ಕರು ಬರುತ್ತದೆ ಎನ್ನುವ ಹಾಗೆ.

ಕಣಿವೆ ತೆರೆಯಿತು. ದಕ್ಷಿಣದವರು ಬಂದರು. ತಾಶ್‌ಮುರಾದ್ ಅವರಿಗೆ ಬಾಗಿಲಲ್ಲೇ ನಿಂತು ಕೈಮುಗಿದ. ಚಳಿಗಾಲ ಬರುವ ಮೊದಲೇ ಅವನ ಬಂದೂಕುಗಳನ್ನು ಕಿತ್ತುಕೊಂಡರು, ಆಮೇಲೆ ಅವನನ್ನೂ ಒಂದು ಗಾಡಿಗೆ ಹತ್ತಿಸಿಕೊಂಡು ಹೋದರು. ತಿರುಗಿ ಬರಲಿಲ್ಲ. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು. ಅವನ ಉಪ್ಪು ತಿಂದಿದ್ದ ಊರೇ ಬಂದು ಬಾಗಿಲು, ಕಿಟಕಿ, ತೊಲೆ ಎಲ್ಲ ಕಿತ್ತುಕೊಂಡು ಹೋಯಿತು. ಬೇಗನ ಹೆಂಗಸರು ನದಿಯಾಚೆ ನೆಂಟರ ಮನೆಗೆ ಓಡಿದರು. ಅಡುಗೆಮನೆಯ ಸೂರೊಂದು ಉಳಿದಿತ್ತು. ನಾನೂ ಹೋಲ್‌ಬೀಬಿಯೂ ಅಲ್ಲೇ ಉಳಿದೆವು, ಊರವರಿಗೆ ನಾನ್ ಬಡಿದುಕೊಟ್ಟು ಬದುಕಿದೆವು.

ನೋರ್‌ಬಾಯ್ ಊರು ಬಿಡಬೇಕಾಯಿತು. ಎರ್ಗಶ್‌ನ ಹುಡುಗರು ಅವನ ರಕ್ತಕ್ಕೆ ಕಾಯುತ್ತಿದ್ದರು, ಹೊಸದಾಗಿ ಬಂದವರು ಅವನನ್ನು ಹಳೆಯ ಬೇಗನ ನಾಯಿ ಎಂದು ಹುಡುಕುತ್ತಿದ್ದರು. ಹೊರಡುವ ಮುನ್ನ ಬಂದ. ಹೋಲ್‌ಬೀಬಿ ಹಿಟ್ಟು ನಾದುತ್ತಿದ್ದಳು.

"ಎನಾ, ಹೊರಟೆ. ತಿರುಗಿ ಬರ್ತೀನೋ ಇಲ್ವೋ. ಒಂದು ಮಾತು ಹೇಳಿಬಿಡು."

ಅವಳು ನಾದುತ್ತಲೇ ಇದ್ದಳು.

"ಹೇಳೇ ಮಾರಾಯ್ತಿ," ಎಂದೆ ನಾನು, "ಹೆತ್ತ ಮಗ ಕಣೇ. ಬಾಯಲ್ಲಿ ಒಂದು ಮಾತಷ್ಟೇ, ನಿನ್ನ ಗಂಟೇನು ಹೋಗತ್ತೆ?"

"ಕೇಳಿದವನಿಗೆ ಕೊಡ್ಲಿಲ್ಲ," ಎಂದಳು. "ನಗ್ತಾ ನಗ್ತಾ ಕೇಳಿದ. ಕಿವಿ ಹಿಂಡಿ ಕಳಿಸ್ದೆ. ಅವನಿಗೆ ಕೊಡದಿದ್ದನ್ನ ಇವನಿಗೆ ಹೇಗೆ ಕೊಡ್ಲಿ?"

ನೋರ್‌ಬಾಯ್ ಹೊಸ್ತಿಲ ತನಕ ಹೋಗಿ ತಿರುಗಿದ. "ಈಗ್ಲೂ ಅವನೇ ಮೊದ್ಲಾ ಎನಾ?" ಎಂದ. ಆಮೇಲೆ ಹೋದ. ಸರಿಕ್ ಕಣಿವೆಯ ಗುಹೆಗಳಲ್ಲಿದ್ದಾನೆ ಎಂದು ಕುರುಬರು ಹೇಳುತ್ತಿದ್ದರು.

ಅಲ್ಲಿಂದ ಮುಂದಿನ ವರ್ಷಗಳನ್ನು ಏನೆಂದು ಹೇಳಲಿ? ಅವಳು ಗಜ್ಜರಿ ಮುಟ್ಟಲಿಲ್ಲ. ಮದುವೆಮನೆಗೆ ಕರೆದರೂ ಈರುಳ್ಳಿಯ ಕಡೆ ಹೋಗಿ ಕೂರುತ್ತಿದ್ದಳು. ಮಧ್ಯಾಹ್ನ ಬಿಸಿಲು ಅಂಗಳದ ಮೂಲೆಗೆ ಬಂದರೆ ಕೈಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಬಾಗಿಲೇ ಇರಲಿಲ್ಲ, ಗೋಡೆಯಲ್ಲಿ ಒಂದು ತೂತು. "ಬಂದ," ಎನ್ನುತ್ತಿದ್ದಳು. ಎದೆಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಗಾಳಿಯ ಜೊತೆ ಜಗಳ. "ಹೇಳ್ದೆನಲ್ಲೋ ಕಂದಾ, ಸಾವಿರ ಸಲ ಹೇಳ್ದೆ. ನಿನಗೇ ಕೇಳಿಸಲ್ಲ."

ದೆವ್ವಭೂತ ನಂಬುವವಳಲ್ಲ ನಾನು. ನಮ್ಮ ಕಡೆ ಬದುಕಿರುವವರೇ ಸಾಕಷ್ಟು ಹೆದರಿಸುತ್ತಾರೆ. ಆದರೂ ಒಂದು ಮಧ್ಯಾಹ್ನ, ಅವಳು ನೀರಿಗೆ ಹೋಗಿದ್ದಾಗ, ನಾನೊಬ್ಬಳೇ ತಂದೂರಿಗೆ ಬಗ್ಗಿದ್ದೆ. ಹಿಂದಿನಿಂದ ಯಾರೋ ನಕ್ಕರು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಅರ್ಧದಲ್ಲಿ ನಿಂತಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ, ನಾನ್ ಸೀದು ಕಪ್ಪಾಗುವ ತನಕ ಬಗ್ಗಿಕೊಂಡೇ ಇದ್ದೆ. ಹೋಲ್‌ಬೀಬಿ ಬಂದು ನನ್ನ ಮುಖ ನೋಡಿದಳು. "ನಿನಗೂ ಕೇಳಿಸ್ತಾ?" ಎಂದಳು. ನಾನು ಸೀದ ನಾನ್ ಕೆರೆದು ತೆಗೆಯತೊಡಗಿದೆ.

ಆಮೇಲೆ ಅವಳು ನಿಜವಾಗಿಯೂ ಹಾಸಿಗೆ ಹಿಡಿದಳು. ಹಿಮ ಕರಗುವ ಕಾಲ. ನೀರು ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಬೆಳಗ್ಗೆ ನನ್ನನ್ನು ಹತ್ತಿರ ಕರೆದಳು.

"ಶರಾಫತ್, ಆ ಬುಟ್ಟಿ ಜ್ಞಾಪಕ ಇದೆಯಾ?"

"ಯಾವ ಬುಟ್ಟಿನೇ?"

"ನಾನ್ ಬುಟ್ಟಿ. ನೋರ್‌ಬಾಯ್‌ನ ಮಲಗಿಸ್ತಿದ್ವಲ್ಲ. ಅವನು ಕಿರುಚ್ತಿದ್ದ, ನಾನು ಅವನ ಕಡೆ ಬೆನ್ನು ತಿರುಗಿಸ್ಕೊಂಡು ಕೂತು ಎರ್ಗಶ್‌ಗೆ ಕುಡಿಸ್ತಿದ್ದೆ. ಮುಖ ನೋಡಿದ್ರೆ ಹಾಲು ಅವನ ಕಡೆಗೇ ಇಳೀತಿತ್ತು, ಅದಕ್ಕೇ ತಿರುಗಿಸ್ಕೋತಿದ್ದೆ."

"ಹಳೇದೆಲ್ಲ ಯಾಕೆ ಈಗ?"

"ಹಸಿದು ಬೆಳೆದವನು ಕಣೇ ಅವನು. ಹಸಿವಲ್ಲಿಟ್ಟವಳು ನಾನು. ಕುದುರೆ ಕೊಟ್ರೆ ತಗೊಳ್ದೆ ಏನ್ ಮಾಡ್ತಾನೆ? ಹೋಗು, ಕರ್ಕೊಂಡು ಬಾ. ಅವನಿಗೆ ಹೇಳಿಬಿಡ್ತೀನಿ."

ನೆರೆಯ ಹೆಂಗಸನ್ನು ಅವಳ ಹತ್ತಿರ ಕೂರಿಸಿ, ಕತ್ತೆ ಹತ್ತಿ ಹೊರಟೆ. ನನ್ನ ಮಂಡಿಯ ಕತೆ ಕೇಳಬೇಡಿ. ಕಣಿವೆಯ ಬಾಯಲ್ಲಿ ಕುರುಬನೊಬ್ಬ ದಾರಿ ತೋರಿಸಿದ. ನೋರ್‌ಬಾಯ್ ಬಂಡೆಯ ಮರೆಯಿಂದ ಬಂದೂಕು ಹಿಡಿದು ಎದ್ದ. ಗಡ್ಡ ಎದೆಗೆ ಬಂದಿತ್ತು, ಮಚ್ಚೆ ನೋಡಿ ಗುರುತು ಹಿಡಿದೆ.

"ಖಾಲಾ? ನೀನ್ಯಾಕೆ ಇಲ್ಲಿ?"

"ನಿಮ್ಮಮ್ಮ ಸಾಯ್ತಿದಾಳೆ ಕಣೋ. ಬಾ. ಹಾಲಿಗೆ ರಾಜಿ ಹೇಳ್ತಾಳಂತೆ. ಇವತ್ತೋ ನಾಳೆಯೋ."

ಅವನ ಮುಖದ ಬಣ್ಣ ಹೋಯಿತು. ಅಳುತ್ತಾನೆ ಎಂದುಕೊಂಡೆ. ಅವನು ನನ್ನ ಬೆನ್ನ ಹಿಂದೆ, ಆ ಬೆಟ್ಟ ಈ ಬೆಟ್ಟ ಎಲ್ಲ ಕಣ್ಣಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಯಾರು ಕಳಿಸಿದ್ದು?"

"ಅವಳೇ ಕಳಿಸಿದ್ದು, ಇನ್ಯಾರು?"

"ಎರ್ಗಶ್‌ನ ಹುಡುಗ್ರಾ? ಬಾಗಿಲ ಹತ್ರ ಕೂತಿದಾರಾ?"

"ಥೂ ನಿನ್ನ! ಅಲ್ಲಿ ಬಾಗಿಲೂ ಇಲ್ಲ, ಮಣ್ಣೂ ಇಲ್ಲ. ಆ ಮುದುಕಿ ಉಸಿರು ಹಿಡ್ಕೊಂಡು ಮಲಗಿದಾಳೆ ನಿನಗೋಸ್ಕರ."

"ಖಾಲಾ, ಈ ಮಾತು ನಾನೇ ಹೇಳಿದ್ದು," ಎಂದ. "ಇದೇ ಬಂಡೆ ಹತ್ರ. ಇವತ್ತೋ ನಾಳೆಯೋ ಅಂತ, ಹೀಗೇನೇ. ಅವನು ಒಂದು ಪ್ರಶ್ನೆ ಕೇಳ್ಲಿಲ್ಲ. ಜೇನು ತಗೊಂಡ, ಹೊರಟ."

ನಾನು ಮಡಿಲಿನಿಂದ ನಾನ್ ತೆಗೆದು, ಅದರ ಮೇಲೆ ಕೈಯಿಟ್ಟೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ. "ಈ ಅನ್ನದಾಣೆಗೂ ನಿಜ," ಎಂದೆ.

"ನಾನೂ ನಾನ್ ಮುಟ್ಟಿದ್ದೆ," ಎಂದ ನೋರ್‌ಬಾಯ್.

ಬೈದೆ, ಅತ್ತೆ, ಅವನ ತೋಳು ಹಿಡಿದು ಜಗ್ಗಿದೆ. ಎರಡು ಹೆಜ್ಜೆ ಬಂದ, ನಿಂತ. "ನಿನಗೆ ಗೊತ್ತಿತ್ತೇನೋ ಅವತ್ತು?" ಎಂದು ಕೇಳಿಯೇಬಿಟ್ಟೆ. "ಗೊತ್ತಿರ್ಲಿಲ್ಲ ಅಂತ ಎಷ್ಟು ಸಲ ಹೇಳಿದೀನಿ ಅಂದ್ರೆ, ಈಗ ನನಗೇ ತಿಳೀತಿಲ್ಲ ಖಾಲಾ," ಎಂದ. ಬಂಡೆಯ ಹಿಂದಕ್ಕೆ ಹೋದ. ಕತ್ತೆ ತಿರುಗಿಸಿದೆ.

ಹೋಲ್‌ಬೀಬಿ ಇನ್ನೂ ಇದ್ದಳು. ನನ್ನ ಹೆಜ್ಜೆಯ ಸದ್ದಿಗೆ ಕಣ್ಣು ಬಿಟ್ಟಳು.

"ಬಂದ್ನಾ?"

"ಇಲ್ಲ ಕಣೇ."

"ನಂಬ್ಲಿಲ್ಲ, ಅಲ್ವಾ?"

ಅವಳ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. "ಹೇಗೆ ನಂಬ್ತಾನೆ ಪಾಪ," ಎಂದಳು. ಆಮೇಲೆ ನನ್ನ ತಲೆ ಹಿಡಿದು ಹತ್ತಿರ ಎಳೆದುಕೊಂಡಳು. ಮಗ ದೂರವಿದ್ದರೆ ನಂಬಿಕೆಯ ಮನುಷ್ಯರ ಕಿವಿಯಲ್ಲಿ ಹೇಳಿ ಕಳಿಸಬಹುದು, ಕೇಳಿದ ಮಗ ನಂಬಿದರೆ ಋಣ ಹರಿಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. "ಬಲಗಡೆ ಹಾಲಿಗೂ ರಾಜಿ, ಎಡಗಡೆ ಹಾಲಿಗೂ ರಾಜಿ. ಎಡಗಡೆಯವನಿಗೆ ಮೊದ್ಲು ಹೇಳು," ಎಂದಳು. ಬಿಸಿಲು ಅಂಗಳದ ಮೂಲೆಗೆ ಬರುವ ಹೊತ್ತಿಗೆ ಹೋದಳು. ತೊಳೆದವಳು ನಾನೇ. ಎದೆಯ ಎರಡೂ ಕಡೆ ಒಣಗಿತ್ತು.

ಗೋರಿಯ ಮೇಲೆ ಹುಲ್ಲು ಬಂದ ಮೇಲೆ ನೋರ್‌ಬಾಯ್ ಬಂದ. ಹೊಸಬರು ಹೋಗಿ ಮತ್ತೆ ಬೇರೆ ಹೊಸಬರು ಬಂದಿದ್ದರು, ಅವನನ್ನು ಹುಡುಕುವವರು ಯಾರೂ ಉಳಿದಿರಲಿಲ್ಲ. ಗೋರಿಯ ಹತ್ತಿರ ಕೂತು, ಇದು ನಿಜವಾಗಿಯೂ ಅವಳದ್ದೇನಾ ಎಂದು ಹೋಗಿ ಬರುವವರನ್ನೆಲ್ಲ ಕೇಳಿದನಂತೆ. ಆಮೇಲೆ ನನ್ನ ಹತ್ತಿರ ಬಂದ. ಚಹಾ ಬಗ್ಗಿಸಿಕೊಟ್ಟೆ. ನಾನು ಒಂದು ಗುಟುಕು ಕುಡಿಯುವ ತನಕ ಅವನು ಬಟ್ಟಲು ಮುಟ್ಟಲಿಲ್ಲ.

"ಏನಂದ್ಳು ಖಾಲಾ?"

"ರಾಜಿ ಅಂದ್ಳು. ಎಡಗಡೆಯವನಿಗೆ ಮೊದ್ಲು ಹೇಳು ಅಂದ್ಳು. ಮೊದ್ಲು, ಕೇಳಿಸ್ತೇನೋ?"

ಅವನು ನನ್ನ ಮುಖವನ್ನೇ ನೋಡಿದ. ಹುಡುಕುವ ಹಾಗೆ, ಕಣ್ಣು, ಬಾಯಿ, ಮತ್ತೆ ಕಣ್ಣು. "ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?" ಎಂದ. ಇಲ್ಲ ಎಂದೆ. ಸತ್ತ ನನ್ನ ಮಕ್ಕಳ ಮೇಲೆ ಆಣೆಯಿಟ್ಟೆ. ಅವನು ಎದ್ದು ಹೋದ. ಮುಂದಿನ ಗುರುವಾರ ಮತ್ತೆ ಬಂದ, ಅದನ್ನೇ ಕೇಳಿದ. ಈಗ ಎಷ್ಟೋ ಗುರುವಾರಗಳಾದವು. ಗಡ್ಡ ಬೆಳ್ಳಗಾಗಿದೆ. ನನಗೂ ಸಾಕಾಗಿದೆ, ರೇಗುತ್ತೇನೆ, ಆದರೂ ಅದೇ ಮಾತನ್ನು, ಅವಳು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಹೇಳುತ್ತೇನೆ. ಅವನು ಕೇಳುತ್ತಾನೆ. ಅವನಿಗೆ ನಂಬಬೇಕೆಂದು ಎಷ್ಟು ಆಸೆಯಿದೆ ಎಂದು ನನಗೆ ಕಾಣುತ್ತದೆ.

ಕಳೆದ ಗುರುವಾರ ಅವನು ಚಹಾ ಕುಡಿಯಲಿಲ್ಲ. ಹೊಸ್ತಿಲಲ್ಲೇ ಕೂತು ನನ್ನ ಕಾಲು ಹಿಡಿದುಕೊಂಡ.

"ಖಾಲಾ, ಅವಳು ಹೇಳ್ಲಿಲ್ಲ ಅಂತ ಒಂದ್ಸಲ ಹೇಳಿಬಿಡು," ಎಂದ. "ಅದನ್ನ ನಂಬ್ತೀನಿ."